ಕಾಲು ಮುಂದಾಗಿ ಹುಟ್ಟಿದವಳು

ಎತ್ತಿದ್ದು ಮೂಟೆಯಲ್ಲ.
ಮೂಟೆಯಾಗಿದ್ದರೆ ಮರ್ಯಾದೆಯಾದರೂ ಉಳಿಯುತ್ತಿತ್ತು.
ಗುತ್ತಲು ರಸ್ತೆಯ ನನ್ನ ಹಿಟ್ಟಿನ ಗಿರಣಿಯಲ್ಲಿ
ಇಪ್ಪತ್ತಾರು ವರ್ಷ ರಾಗಿ ಎತ್ತಿ ಸುರಿದವಳು
ಮೊನ್ನೆ ಸೋಮವಾರ, ಕೆಳಗೆ ಬಿದ್ದ
ಎರಡು ರೂಪಾಯಿ ಬಿಲ್ಲೆಗೆ ಬಗ್ಗಿದೆ.
ಛಳಕ್.
ಬಗ್ಗಿದವಳು ಬಗ್ಗಿದ ಹಾಗೇ.
ಬೆಲ್ಟು ತಿರುಗುತ್ತಲೇ ಇತ್ತು, ಹಿಟ್ಟು ಬೀಳುತ್ತಲೇ ಇತ್ತು,
ಗಿರಾಕಿ ಹುಡುಗ 'ಏನಜ್ಜಿ ಹುಡುಕ್ತಿದ್ದೀರಾ' ಅಂದ.
ಸೊಂಟ, ಅಂದೆ.

ಸುದ್ದಿ ಕೇಳಿ ಬೀದಿ ನಕ್ಕಿತು. ನಗಲಿ.
ಕೆಂಪಾಜಮ್ಮನ ಸೊಂಟ ಹಿಡಕೊಂಡಿದೆಯಂತೆ!
ಉಳುಕಿದವರೆಲ್ಲ ನನ್ನ ಬಾಗಿಲಿಗೇ ಬಂದವರು.
ನಾನು ಕಾಲು ಮುಂದಾಗಿ ಹುಟ್ಟಿದವಳು.
ಹೊತ್ತು ಹುಟ್ಟೋ ಮುಂಚೆ, ಮಾತಾಡದೆ,
ಹೊಸ್ತಿಲಾಚೆ ಬೆನ್ನು ತಿರುಗಿಸಿ ನಿಂತರೆ
ಎಡಗಾಲಲ್ಲಿ ಮೂರು ಸಲ ಮುಟ್ಟಿಸುವುದು. ಅಷ್ಟೇ.
ಒದೆತ ಅಂತ ಹೆಸರು; ಒದ್ದದ್ದಿಲ್ಲ ಯಾರನ್ನೂ.
ಲೈನ್‌ಮನ್ ಚಲುವಯ್ಯನನ್ನು ಒಂದು ಸಲ ಒದ್ದೆ,
ಅದಕ್ಕೆ ಬೇರೆ ಕಾರಣವಿತ್ತು.
ಹಿಂತಿರುಗಿ ನೋಡದೆ ಹೋದವರು
ಮೂರು ದಿನಕ್ಕೋ ಎಂಟು ದಿನಕ್ಕೋ
ಒಂದು ಚಿಪ್ಪು ಬಾಳೆಹಣ್ಣು ಹಿಡಿದು ನೆಟ್ಟಗೆ ನಡೆದು ಬಂದರು.

ಒದೆಯುವವಳಿಗೆ ಒದೆಯುವವರು ಯಾರು?

ಮೂರನೆಯ ದಿನ ಆಟೋದಲ್ಲಿ ಅಡ್ಡಡ್ಡ ಕೂತು
ವಿ.ವಿ. ರಸ್ತೆ. ಔಷಧಿ ಅಂಗಡಿ ಮೇಲೆ ಡಾಕ್ಟರ್ ನಸೀಮಾ.
ಹದಿನೇಳು ಮೆಟ್ಟಿಲು. ಸೊಂಟದ ಡಾಕ್ಟರು
ಮಹಡಿ ಮೇಲೆ ಯಾಕಿರುತ್ತಾರೋ ದೇವರೇ ಬಲ್ಲ.
ಬಾಡಿಗೆ ಕಮ್ಮಿ, ಅಂದಳು ಹುಡುಗಿ, ನಾಚದೆ.
ಕಾಲಿಗೆ ಜೋಮು ಇದೆಯಾ, ಉಚ್ಚೆ ಸರಿಯಾಗಿ ಬರ್ತಿದೆಯಾ,
ಎಲ್ಲಾದರೂ ಬಿದ್ದಿರಾ, ಎಲ್ಲ ಕೇಳಿ ಬರಕೊಂಡು
ಪೊಟ್ಟಣ ಹರಿದು ಸೂಜಿ ತೆಗೆದಳು,
ಕೂದಲಿಗಿಂತ ಒಂಚೂರು ದಪ್ಪ.
ನಾನು ಸೊಂಟ ತೋರಿಸಿದರೆ ಅವಳು ಹಿಡಿದದ್ದು ನನ್ನ ಬಲಗೈ.
ಹಿಂಗೈ ಮೇಲೆ, ಮೂಳೆ ಮೂಳೆ ನಡುವೆ, ಎರಡು.
'ಅಲ್ಲಮ್ಮಣ್ಣಿ, ನೋವಿರೋದು ಹಿಂದೆ.'
'ಗೊತ್ತು. ನಡೀರಿ.'

ಹತ್ತಡಿ ವರಾಂಡದಲ್ಲಿ ನಡೆದೆ,
ಸೂಜಿಯ ಕೈ ಎದೆಮಟ್ಟಕ್ಕೆ ಹಿಡಿದು,
ದೀಪ ಆರದ ಹಾಗೆ ತಟ್ಟೆ ಒಯ್ಯುವವಳಂತೆ.
ಕಿಟಕಿಯಾಚೆ ಕಬ್ಬಿನ ಟ್ರಾಕ್ಟರೊಂದು ತಿರುವಿನಲ್ಲಿ ಸಿಕ್ಕಿ
ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ.
ಆಮೇಲೆ ಬೋರಲು ಮಲಗಿಸಿ ಮಂಡಿ ಹಿಂದೆ, ಸೊಂಟದ ಎರಡು ಕಡೆ.
ಚುಚ್ಚಿದ್ದು ಇರುವೆ ಕಚ್ಚಿದಷ್ಟು;
ಅದರ ಹಿಂದೆಯೇ ಒಳಗೊಂದು ಭಾರ,
ನೆನೆದ ಗೋಣಿ ಹಾಸಿದ ಹಾಗೆ, ಹಿಮ್ಮಡಿ ತನಕ.
'ಹೋಗುತ್ತಾ?'
'ಹೋಗುತ್ತೆ. ಬಹಳ ಜನಕ್ಕೆ ಸೂಜಿ ಇಲ್ಲದಿದ್ರೂ ಹೋಗುತ್ತೆ.
ಇದು ಸ್ವಲ್ಪ ಹಾದಿ ಸವೆಸೋಕೆ.'

ಇಷ್ಟು ವರ್ಷ ನಾನು
ಯಾರಿಗೂ ಇದನ್ನು ಹೇಳಿರಲಿಲ್ಲ.

ಇಪ್ಪತ್ತು ನಿಮಿಷ. ಮಂಚದ ತೂತಿನಲ್ಲಿ ಮುಖ,
ಕಣ್ಣ ಕೆಳಗೆ ಕೆಂಪು ನೆಲ.
ಅವ್ವ ಬಂದಳು.
ಕೆರಗೋಡಿನಲ್ಲಿ ಎರಡು ರಾತ್ರಿ ಒಂದು ಹಗಲು
ನನ್ನ ಕಾಲು ಈಚೆ ಬಂದು, ಉಳಿದ ನಾನು ಬರದೆ,
ಅವಳ ನಡು ಅವತ್ತು ಹೋದದ್ದು ಹೋಯಿತು.
ಕೊಡ ಇಳಿಸಿ ಗೋಡೆ ಹಿಡಿದು ನಿಲ್ಲುತ್ತಿದ್ದಳು.
ಊರಿಗೆಲ್ಲ ಮದ್ದಾದ ಕಾಲು;
'ನಿಂಗೂ ಮುಟ್ಟಿಸ್ತೀನಿ ಬಾರವ್ವ' ಅಂತ ಕರೆದಾಗೆಲ್ಲ
'ನೀನು ಒದ್ದದ್ದು ಆಗಲೇ ಆಗೋಗದೆ, ಬಿಡು'
ಅಂತ ನಗುತ್ತಿದ್ದಳು.
ನಗು ಅಂತಲೇ ನಾನು ತಿಳಕೊಂಡಿದ್ದೆ.

ಸೂಜಿ ಕಿತ್ತಳು, ಎಣಿಸಿ ಡಬ್ಬಿಗೆ ಹಾಕಿದಳು.
ಇಳಿಯುವಾಗಲೂ ಹದಿನೇಳೇ ಮೆಟ್ಟಿಲು;
ಹನ್ನೊಂದನೆಯದರಲ್ಲಿ ಒಮ್ಮೆ ಛಳಕ್ ಅಂತು, ಸುಳ್ಳೇಕೆ ಹೇಳಲಿ.
ಆಟೋದಲ್ಲಿ ಮಾತ್ರ ನೆಟ್ಟಗೆ ಕೂತೆ.

ಮಾರನೇ ಬೆಳಿಗ್ಗೆ ಹೊಸ್ತಿಲಾಚೆ ಡೇರಿ ಪುಟ್ಟಮಾದು
ಬೆನ್ನು ತಿರುಗಿಸಿ ನಿಂತಿದ್ದ, ಕುತ್ತಿಗೆ ಒಂದು ಕಡೆ, ಮಾತಿಲ್ಲ.
ಕಾಲೆತ್ತಲು ಹೋದೆ. ಏಳಲಿಲ್ಲ.
ಬಾಗಿಲು ಹಿಡಿದು, ಹಿಂಗೈಯ ಎರಡು ಚುಕ್ಕಿ ನೋಡಿಕೊಂಡು,
ಕೈಯನ್ನೇ ಇಟ್ಟೆ ಅವನ ಬೆನ್ನ ಮೇಲೆ, ಮೂರು ಸಲ.
ಕಾಲೋ ಕೈಯೋ ಅವನಿಗೇನು ಗೊತ್ತು,
ಹಿಂತಿರುಗಿ ನೋಡದೆ ಹೋದ.